ವ್ಯಾಕ್ ಡ್ರೆಸ್ಸಿಂಗ್ ಬಗ್ಗೆ ಕೇಳಿ: ದಾವಣಗೆರೆಯ ಸರ್ಜನ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಡಾಕ್ಟರು 6 ಗಂಟೆಯಿಂದ ಉತ್ತರ ಕೊಡ್ತಾರೆ. ವ್ಯಾಕ್ ಅಂದ್ರೆ ಗಾಯಕ್ಕೆ ಸ್ಪಂಜು ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಪೈಪಿನಿಂದ ಗಾಳಿ ಎಳೆಯೋ ಮಷೀನು, ಅದರ ವಿಷಯ ಮಾತ್ರ. ಗಾಯದ ಫೋಟೊ ಹಾಕಬೇಡಿ.

ಹರಿಹರದ ಸದಸ್ಯ: ಸರ್, ಅಣ್ಣಂಗೆ ಹೈವೇಲಿ ಆಕ್ಸಿಡೆಂಟ್ ಆಗಿ ಕಾಲಿನ ಚರ್ಮ ಕಿತ್ತೋಗಿತ್ತು. ಈ ಮಷೀನ್ ಹಾಕ್ಯಾರೆ. ಗಾಳಿ ಎಳೆದ್ರೆ ಮಾಂಸ ಹೆಂಗೆ ಬೆಳೀತೈತಿ?

ಡಾಕ್ಟರ್: ಸಾಮಾನ್ಯವಾಗಿ ಹೊರಗಿನ ಗಾಳಿಗಿಂತ 125 ಮಿಲಿಮೀಟರ್ ಪಾದರಸದಷ್ಟು ಕಮ್ಮಿ ಒತ್ತಡ ಇಡ್ತೀವಿ. ಸ್ಪಂಜು ಕುಗ್ಗಿದಾಗ ಗಾಯದ ಅಂಚು ಒಳಕ್ಕೆ ಸರಿಯುತ್ತೆ. ನಿಂತ ನೀರು ಹೊರಗೆ ಹೋಗಿ ಬಾವು ಇಳಿಯುತ್ತೆ. ಸ್ಪಂಜಿನ ಸಣ್ಣ ತೂತುಗಳಲ್ಲಿ ಜೀವಕೋಶಗಳು ಎಳೆತಕ್ಕೆ ಸಿಕ್ಕಿ ಬೇಗ ಬೇಗ ವಿಭಜನೆ ಆಗ್ತವೆ, ಹೊಸ ರಕ್ತನಾಳ ಚಿಗುರ್ತವೆ. ಆ ಕೆಂಪು ಮಾಂಸ ತುಂಬಿದ ಮೇಲೆ ತೊಡೆಯ ಚರ್ಮ ತೆಗೆದು ಕೂರಿಸಬಹುದು.

ಚಳ್ಳಕೆರೆ ಸದಸ್ಯ: ಎಷ್ಟು ದಿನಕ್ಕೊಮ್ಮೆ ಬದಲಾಯಿಸ್ಬೇಕು?

ಡಾಕ್ಟರ್: 48ರಿಂದ 72 ಗಂಟೆಗೊಮ್ಮೆ. ಸೋಂಕಿದ್ರೆ ಇನ್ನೂ ಬೇಗ.

ಹೊಳಲ್ಕೆರೆ ಸದಸ್ಯ: ಬಿಪಿಎಲ್ ಕಾರ್ಡಿಗೆ ಇದು ಸಿಗುತ್ತಾ ಸರ್?

ಜಗಳೂರಿನ ಸದಸ್ಯೆ: ಅವ್ವಗೆ ಶುಗರ್, ಅಂಗಾಲಲ್ಲಿ ಗಾಯ. ಮಷೀನ್ ಸಮೇತ ಮನೆಗೆ ಕಳಿಸ್ಯಾರೆ. ಬೆಳಿಗ್ಗೆಯಿಂದ ಕರೆಂಟಿಲ್ಲ, ಚಾರ್ಜ್ ಮುಗಿದು ಮಷೀನ್ ನಿಂತು 7 ತಾಸಾತು. ಸ್ವಲ್ಪ ವಾಸನೆ ಬರ್ತೈತಿ. ಸೋಮವಾರ ಡ್ರೆಸ್ಸಿಂಗ್ ಐತಿ, ಅಲ್ಲಿವರೆಗೆ ಬಿಡಬಹುದಾ?

ಡಾಕ್ಟರ್: ಬಿಡಬೇಡಿ. 2 ಗಂಟೆಗಿಂತ ಹೆಚ್ಚು ನಿಂತರೆ ಸ್ಪಂಜು ತೆಗೆಯಲೇಬೇಕು. ಎಳೆತ ನಿಂತ ಮೇಲೆ ಅದು ಗಾಯದೊಳಗೆ ಮುಚ್ಚಿಟ್ಟ ಒದ್ದೆ ಬಟ್ಟೆ ಇದ್ದಂಗೆ, ಕ್ರಿಮಿ ಬೆಳೆಯೋ ಜಾಗ. ಜ್ವರ ಐತಾ? ಬೆರಳಿನ ಬಣ್ಣ ಹೆಂಗೈತೆ? ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾರಾ?

ಹಿರಿಯೂರು ಸದಸ್ಯ: *ಫಾರ್ವರ್ಡ್:* ಎಕ್ಕದ ಹಾಲು, ಅರಿಶಿನ, ಸಗಣಿ ಬೂದಿ ಕಲಸಿ ಕಟ್ಟಿದರೆ ಎಂಥಾ ಶುಗರ್ ಗಾಯವೂ 3 ದಿನದಲ್ಲಿ ಮಾಯ!! ಎಲ್ಲರಿಗೂ ತಲುಪಿಸಿ.

ಡಾಕ್ಟರ್: ಇದನ್ನ ಅಳಿಸಿ. ಎಕ್ಕದ ಹಾಲು ಚರ್ಮ ಸುಡುತ್ತೆ. ಸಗಣಿಯಲ್ಲಿ ಧನುರ್ವಾಯು ಕ್ರಿಮಿ ಇರುತ್ತೆ. ಶುಗರ್‌ನಿಂದ ಸ್ಪರ್ಶ ಸತ್ತ ಕಾಲಿಗೆ ಸುಡೋದೂ ಗೊತ್ತಾಗಲ್ಲ. ಇಂಥದ್ದು ಕಟ್ಟಿಕೊಂಡು ಬಂದವರ ಬೆರಳು ನಾನೇ ತೆಗೆದಿದೀನಿ.

ಹಿರಿಯೂರು ಸದಸ್ಯ: ನಮ್ಮ ಹಿರಿಯರೆಲ್ಲ ಇದರಲ್ಲೇ ವಾಸಿ ಆದೋರು. ಈ ಮಷೀನು ಬಿಲ್ ಏರ್ಸಕ್ಕೆ ಬಂದಿದ್ದು.

ಹರಿಹರದ ಸದಸ್ಯ: ನಮ್ಮಣ್ಣನ ಕಾಲು ಉಳ್ಕಂಡೈತಿ. ನೋಡದೆ ಮಾತಾಡಬ್ಯಾಡ್ರಿ.

ಹಿರಿಯೂರು ಸದಸ್ಯ: ಎಷ್ಟು ಸುರಿದ್ರಿ ಅದನ್ನೂ ಹೇಳ್ರಿ.

ಹರಿಹರದ ಸದಸ್ಯ: ಹೊಲ ಅಡ ಇಟ್ಟೀವಿ. ಕಾಲಿಗಿಂತ ಹೊಲ ದೊಡ್ಡದಾ?

ಚನ್ನಗಿರಿ ಸದಸ್ಯೆ: ಇಬ್ಬರೂ ಸುಮ್ಮನಿರ್ರಿ, ಜಗಳೂರಿನೋರು ಕಾಯ್ತಾ ಅದಾರೆ.

ಜಗಳೂರಿನ ಸದಸ್ಯೆ: ಜ್ವರ ಇಲ್ಲ ಸರ್. ಹೆಬ್ಬೆರಳ ತುದಿ ನಿನ್ನೆಯಿಂದ ಕಪ್ಪಾಗೈತಿ, ಪಾದ ತಣ್ಣಗೈತಿ. ಮೊದಲಿಂದ್ಲೂ ನಾಕು ಹೆಜ್ಜೆ ನಡೆದ್ರೆ ಮೀನಖಂಡ ಹಿಡೀತೈತಿ ಅಂತಿದ್ರು. ಹಾರ್ಟಿಗೆ ರಕ್ತ ತೆಳು ಮಾಡೋ ಮಾತ್ರೆ ಐತಿ.

ಡಾಕ್ಟರ್: ಈಗಲೇ ಹೊರಡಿ. ಮೀನಖಂಡ ಹಿಡಿಯೋದು, ಪಾದ ತಣ್ಣಗಾಗೋದು, ತುದಿ ಕಪ್ಪಾಗೋದು, ಮೂರೂ ಕಾಲಿಗೆ ರಕ್ತ ಸಾಲ್ತಿಲ್ಲ ಅನ್ನೋದನ್ನೇ ಹೇಳ್ತವೆ. ಕಾಲುವೆಗೆ ನೀರೇ ಬರದಿದ್ರೆ ಗದ್ದೆ ಹದ ಮಾಡಿ ಪ್ರಯೋಜನ ಇಲ್ಲ. ರಕ್ತ ಇಲ್ಲದ ಕಡೆ ಎಷ್ಟು ಎಳೆದರೂ ಮಾಂಸ ಚಿಗುರಲ್ಲ, ಅಂಚು ಇನ್ನೂ ಸಾಯಬಹುದು. ಮೊದಲು ಕಾಲಿನ ಬಿಪಿ, ಡಾಪ್ಲರ್ (ರಕ್ತ ಹರಿಯೋದನ್ನ ತೋರಿಸೋ ಸ್ಕ್ಯಾನ್) ನೋಡಬೇಕು, ನಾಳ ಕಟ್ಟಿದ್ರೆ ತೆರೆಯಬೇಕು. ಸತ್ತ ಕಪ್ಪು ಭಾಗದ ಮೇಲೆ ಈ ಮಷೀನ್ ಹಾಕೋ ಹಾಗಿಲ್ಲ. ಸ್ಪಂಜನ್ನ ಮನೇಲಿ ಕಿತ್ತು ತೆಗೆಯಬೇಡಿ: ಹೊಸ ಮಾಂಸ ತೂತಿನೊಳಗೆ ಬೆಳೆದಿರುತ್ತೆ, ಆ ಮಾತ್ರೆ ಇರೋದ್ರಿಂದ ರಕ್ತ ನಿಲ್ಲೋದು ಕಷ್ಟ. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ, ಸಲೈನ್‌ನಲ್ಲಿ ನೆನೆಸಿ ತೆಗೀಲಿ. ಎಷ್ಟು ತುಂಡು ಇಟ್ಟಿದ್ರೋ ಅಷ್ಟೂ ಹೊರಗೆ ಬಂತಾ ಎಣಿಸಿ. ಆಮೇಲೆ ಇವತ್ತೇ ದಾವಣಗೆರೆಗೆ. ದಾರೀಲಿ ಪೈಪಲ್ಲಾಗಲಿ ಡ್ರೆಸ್ಸಿಂಗಲ್ಲಾಗಲಿ ಹಸಿ ಕೆಂಪು ರಕ್ತ ಕಂಡ್ರೆ ಗಾಯ ಗಟ್ಟಿಯಾಗಿ ಒತ್ತಿ ಹಿಡೀರಿ. ಮಾತ್ರೆ ಚೀಟಿ ತನ್ನಿ.

ಮೊಳಕಾಲ್ಮೂರು ಸದಸ್ಯ: ಸರ್ ಎಷ್ಟು ದಿನಕ್ಕೊಮ್ಮೆ ಚೇಂಜ್?

ಡಾಕ್ಟರ್: ಮೇಲೆ ಓದಿ.

ಹೊಸದುರ್ಗದ ಸದಸ್ಯ: ಮೀನಿನ ತೊಟ್ಟಿ ಪಂಪು ತಿರುಗಿಸಿ ಹಾಕಿದ್ರೆ ಆಗಲ್ವಾ? ವಿಡಿಯೊ ಬಂದಿತ್ತು.

ಡಾಕ್ಟರ್: ಆಗಲ್ಲ. ಎಷ್ಟು ಎಳೀತಿದೆ ಅಂತ ಅಳತೆ ಇಲ್ಲ, ಗಾಳಿ ಸೋರಿದ್ರೆ, ಪೈಪ್ ಕಟ್ಟಿದ್ರೆ ಎಚ್ಚರಿಸೋ ಅಲಾರಂ ಇಲ್ಲ. ಸರಿಯಾದ ಮಷೀನಿನಲ್ಲೂ ರಕ್ತಸ್ರಾವದಿಂದ ಜೀವ ಹೋದದ್ದಿದೆ. ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2009ರಲ್ಲೂ 2011ರಲ್ಲೂ ಎಚ್ಚರಿಕೆ ಕೊಟ್ಟಿತ್ತು.

ಹಿರಿಯೂರು ಸದಸ್ಯ: ನೋಡಿದ್ರಾ, ಜೀವ ಹೋಗುತ್ತೆ ಅಂತ ಡಾಕ್ಟ್ರೇ ಒಪ್ಕಂಡ್ರು.

ಡಾಕ್ಟರ್: ಅದಕ್ಕೇ ಯಾರಿಗೆ ಹಾಕಬೇಕು, ಯಾರಿಗೆ ಬೇಡ ಅಂತ ಪರೀಕ್ಷೆ ಮಾಡೋದು. ಕ್ಯಾನ್ಸರ್ ಇರೋ ಗಾಯಕ್ಕೆ ಬೇಡ, ರಕ್ತನಾಳ ಬಯಲಾಗಿರೋ ಗಾಯಕ್ಕೆ ಬೇಡ. ಬೂದಿ ಕಟ್ಟಿ ಅಂತ ನಾನೆಲ್ಲೂ ಒಪ್ಪಿಲ್ಲ. ನಿಮಗೆ ಇನ್ನು ಉತ್ತರ ಕೊಡಲ್ಲ.

ಅಡ್ಮಿನ್: ಹಿರಿಯೂರಿನೋರ ಫಾರ್ವರ್ಡ್ ತೆಗೆದಿದೀನಿ.

ಜಗಳೂರಿನ ಸದಸ್ಯೆ: ಗಾಡಿ ಸಿಕ್ತು ಸರ್. ಅವ್ವ ಬರಲ್ಲ ಅಂತ ಅಳ್ತಾ ಅದಾರೆ, ಕಾಲು ತೆಗೀತಾರೆ ಅಂತ ಹೆದರಿಕೆ.

ಡಾಕ್ಟರ್: ಕಾಲು ಉಳಿಸೋಕೇ ಕರೀತಿರೋದು ಅಂತ ಹೇಳಿ. ಬೇಕಾದ್ರೆ ಫೋನ್ ಕೊಡಿ, ನಾನೇ ಮಾತಾಡ್ತೀನಿ. ನಂಬರ್ ನಿಮಗೆ ಪ್ರತ್ಯೇಕ ಕಳಿಸಿದೀನಿ.

ಹೊಳಲ್ಕೆರೆ ಸದಸ್ಯ: ಸರ್, ಬಿಪಿಎಲ್ ಕಾರ್ಡಿನ ವಿಷಯ ಕೇಳಿದ್ದೆ…