ಶಾಲೆ ಮುಂದಿನ ರಸ್ತೆ ಪರಿಶೀಲನೆಗೆ ಹೋದಾಗ ನಿಜವಾಗಿ ಏನು ನೋಡಬೇಕು?

ಹೊಸ ಎಇ
ಎಲ್ಲರಿಗೂ ನಮಸ್ಕಾರ. ಪಾಲಿಕೆಯಲ್ಲಿ ಸಹಾಯಕ ಇಂಜಿನಿಯರ್ (ಎಇ) ಆಗಿ ಈಚೆಗೆ ಸೇರಿದ್ದೇನೆ. ಜೂನ್‌ನಲ್ಲಿ ಶಾಲೆ ಶುರುವಾಗುವುದರೊಳಗೆ ನನ್ನ ವಾರ್ಡುಗಳ ಶಾಲೆಗಳ ಮುಂದಿನ ರಸ್ತೆ ನೋಡಿ ವರದಿ ಕೊಡಬೇಕಂತೆ. ಕೊಟ್ಟಿರುವ ನಮೂನೆಯಲ್ಲಿ ಬೋರ್ಡ್, ಜೀಬ್ರಾ, ಹಂಪ್, ಫುಟ್‌ಪಾತ್ ಇದೆಯಾ ಇಲ್ಲವಾ, ಅಷ್ಟೇ. ಟಿಕ್ ಹಾಕಿ ಕಳಿಸಬಹುದು, ಆದರೆ ಮನಸ್ಸು ಒಪ್ಪುತ್ತಿಲ್ಲ. ಚರಂಡಿ ದೂರು, ಬೀದಿದೀಪ, ಬಿಲ್ಲು ಎಲ್ಲ ನನ್ನ ತಲೆ ಮೇಲೇ ಇರುವುದರಿಂದ ಸಮಯವೂ ಕಡಿಮೆ. ಮೊದಲು ಯಾವುದಕ್ಕೆ ಕೈ ಹಾಕಲಿ?

ನಿವೃತ್ತ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್)
ಮೇ ತಿಂಗಳ ಖಾಲಿ ರಸ್ತೆ ನೋಡಿ ಏನೂ ತಿಳಿಯುವುದಿಲ್ಲ. ಈಗ ಬಣ್ಣ, ಬೋರ್ಡು ಮುಗಿಸಿ, ಶಾಲೆ ಶುರುವಾದ ಮೇಲೆ ಮತ್ತೊಮ್ಮೆ ನೋಡಬೇಕು ಅಂತ ವರದಿಯಲ್ಲೇ ಬರೆದುಬಿಡಿ. ಆಮೇಲೆ ಬೆಳಿಗ್ಗೆ ಗಂಟೆ ಹೊಡೆಯುವ ಹೊತ್ತಿಗೆ ಹೋಗಿ ಗೇಟಿನ ಹತ್ತಿರ ಸುಮ್ನೆ ನಿಂತು ನೋಡಿ. ಆಟೋ, ವ್ಯಾನು ಎಲ್ಲಿ ನಿಲ್ಲುತ್ತವೆ, ಮಕ್ಕಳು ಯಾವ ಕಡೆಗೆ ಇಳಿಯುತ್ತಾರೆ, ಅಪ್ಪ ಅಮ್ಮಂದಿರು ಸ್ಕೂಟರ್ ಎಲ್ಲಿ ತಿರುಗಿಸುತ್ತಾರೆ. ಜೀಬ್ರಾ ಗೇಟಿನ ನೇರಕ್ಕೆ ಇರುತ್ತೆ, ಮಕ್ಕಳು ದಾಟುವುದು ವ್ಯಾನ್ ಇಳಿಸಿದ ಕಡೆ. ಒಂದೋ ವ್ಯಾನ್ ನಿಲ್ಲುವ ಜಾಗ ಬದಲಾಗಬೇಕು, ಇಲ್ಲ ಜೀಬ್ರಾ ಬದಲಾಗಬೇಕು.

ಹಂಪ್ ಇದೆ ಅಂತ ಟಿಕ್ ಹಾಕುವ ಮೊದಲು ಅಳೆಯಿರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಐಆರ್‌ಸಿ 99ರ ಪ್ರಕಾರ ವಾಹನದ ವೇಗ ಗಂಟೆಗೆ 25 ಕಿ.ಮೀ.ಗೆ ಇಳಿಸುವ ದುಂಡನೆ ಹಂಪ್ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ ಇರಬೇಕು. ಎರಡೂ ಅಂಚಿನಲ್ಲಿ ಒಂದೇ ಎತ್ತರದ ಇಟ್ಟಿಗೆ ಇಟ್ಟು ದಾರ ಬಿಗಿಯಾಗಿ ಎಳೆಯಿರಿ, ಹಂಪಿನ ತಲೆ ದಾರಕ್ಕಿಂತ ಎಷ್ಟು ಮೇಲಿದೆ ಕೆಳಗಿದೆ ನೋಡಿದರೆ ಎತ್ತರ ಸಿಕ್ಕಿಬಿಡುತ್ತೆ. ಬೀದಿಯವರು ಕೂಗಾಡಿದರು ಅಂತ ರಾತ್ರೋರಾತ್ರಿ ಡಾಂಬರು ಸುರಿದು ಮಾಡಿದ ಮೊಳ ಅಗಲದ ದಿಬ್ಬ ಇದೆಯಲ್ಲ, ಅದರ ಮೇಲೆ ಮಕ್ಕಳು ತುಂಬಿದ ಆಟೋ ಎಗರುತ್ತೆ, ಸ್ಕೂಟರಿನ ಹಿಂದೆ ಕೂತ ತಾಯಿ ಬೀಳುತ್ತಾಳೆ. ಅಂಥದ್ದನ್ನು ‘ಇದೆ’ ಅಂತ ಬರೆಯಬೇಡಿ. ತೆಗೆಸಿ.

ಸರ್ಕಾರಿ ಶಾಲೆ ಮೇಷ್ಟ್ರು
ನಮ್ಮ ಶಾಲೆ ಮುಂದೆ ಫುಟ್‌ಪಾತ್ ಇದೆ, ಕಾಗದದ ಮೇಲೆ. ನಡುವೆ ಟ್ರಾನ್ಸ್‌ಫಾರ್ಮರ್ ಇದೆ, ಅದನ್ನು ದಾಟಿದರೆ ಚರಂಡಿಯ ಒಂದು ಚಪ್ಪಡಿ ಒಡೆದಿದೆ. ಹಾಗಾಗಿ ಮಕ್ಕಳು ಅಲ್ಲಿಗೆ ಬಂದ ತಕ್ಷಣ ರಸ್ತೆಗೇ ಇಳಿಯುತ್ತಾರೆ. ಸಾರ್, ದಯವಿಟ್ಟು ಒಂದನೇ ಕ್ಲಾಸಿನ ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿ. ನಿಂತಿರುವ ಒಂದು ಕಾರು ಸಾಕು, ಬರುವ ಬಸ್ಸು ಮಗುವಿಗೆ ಕಾಣುವುದಿಲ್ಲ, ಮಗು ಡ್ರೈವರ್‌ಗೆ ಕಾಣುವುದಿಲ್ಲ. ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಂದು ಮನವಿ ಬೇಕಾದರೆ ಕೇಳಿ, ನಾವು ಅದೇ ದಿನ ಬರೆದುಕೊಡುತ್ತೇವೆ. ಕೇಳುವವರೇ ಇಲ್ಲ, ಅದೇ ಬೇಜಾರು.

ಬೇರೆ ಊರಿನ ಎಇ
ಮೇಷ್ಟ್ರು ಹೇಳಿದ ಮನವಿ ತಪ್ಪದೇ ಇಸ್ಕೊಳ್ಳಿ, ಫೈಲಿಗೆ ಅದೇ ಬಲ. ಇನ್ನೊಂದು, ರಸ್ತೆ ಯಾರದ್ದು ಅಂತ ಮೊದಲು ಖಚಿತ ಮಾಡಿಕೊಳ್ಳಿ. ರಾಜ್ಯ ಹೆದ್ದಾರಿ ಊರೊಳಗೆ ಹಾದುಹೋಗಿದ್ದರೆ ಅದು ಲೋಕೋಪಯೋಗಿ ಇಲಾಖೆಯದ್ದು, ನೀವು ಎಸ್ಟಿಮೇಟ್ ಮಾಡಿದರೂ ವಾಪಸ್ ಬರುತ್ತೆ. ಅಂಥ ಕಡೆ ಸಂಚಾರ ಪೊಲೀಸರನ್ನೂ ಕರೆದು ಜಂಟಿ ಪರಿಶೀಲನೆ ಮಾಡಿ, ಎಲ್ಲರ ಸಹಿ ಹಾಕಿಸಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಕಳಿಸಿ.

ನನ್ನ ಪ್ರಕಾರ ಎಲ್ಲ ಗೇಟಿಗೂ ಹಂಪ್ ಬೇಕಾಗಿಲ್ಲ. ಒಳರಸ್ತೆಗಳಲ್ಲಿ ಜೀಬ್ರಾವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ವೇಗವೂ ಇಳಿಯುತ್ತೆ, ಮಕ್ಕಳು ಮೆಟ್ಟಿಲು ಇಳಿಯದೆ ದಾಟುತ್ತಾರೆ. ಆದರೆ ಮಳೆನೀರು ಹೋಗೋಕೆ ಅಂಚಿನಲ್ಲಿ ದಾರಿ ಬಿಡದಿದ್ದರೆ ಜೂನ್‌ನಲ್ಲೇ ಅಲ್ಲಿ ಕೆರೆಯಾಗುತ್ತೆ. ಜೀಬ್ರಾ ಪಟ್ಟೆಗೆ ಥರ್ಮೋಪ್ಲಾಸ್ಟಿಕ್ (ಕಾಯಿಸಿ ಹಾಕುವ ದಪ್ಪ ಬಣ್ಣ) ಹಾಕಿಸಿ, 2.5 ಮಿ.ಮೀ. ದಪ್ಪ ಇದೆಯಾ ಅಂತ ಅಳೆದ ಮೇಲೇ ಎಂಬಿ (ಬಿಲ್ಲಿಗೆ ಆಧಾರವಾದ ಅಳತೆ ಪುಸ್ತಕ) ಬರೆಯಿರಿ. ಗುತ್ತಿಗೆದಾರ ಅವಸರ ಮಾಡುತ್ತಾನೆ, ಜಗ್ಗಬೇಡಿ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲಿ 198ಎ ಅಂತ ಬಂದಿದೆ. ರಸ್ತೆ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಜವಾಬ್ದಾರಿ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಟಿಪ್ಪಣಿಯಲ್ಲಿ ಈ ಕಲಂ ಹಾಕಿ, ಮೇಲಿನವರು ಓದುತ್ತಾರೆ.

ಹೊಸ ಎಇ
ತುಂಬ ಉಪಕಾರವಾಯ್ತು. ದಾರ, ಟೇಪು ಇಟ್ಟುಕೊಂಡೇ ಹೋಗ್ತೀನಿ. ನನ್ನ ವಾರ್ಡಲ್ಲೂ ಎರಡು ಕಡೆ ಟ್ರಾನ್ಸ್‌ಫಾರ್ಮರ್ ಫುಟ್‌ಪಾತಿನ ಮೇಲೇ ಇದೆ. ಅದನ್ನು ಸರಿಸುವ ಖರ್ಚು ಪಾಲಿಕೆ ಕಟ್ಟಬೇಕಾ, ವಿದ್ಯುತ್ ಕಂಪನಿಯೇ ಭರಿಸುತ್ತಾ? ಯಾರಾದರೂ ಮಾಡಿಸಿದ್ದರೆ ತಿಳಿಸಿ.