ಕಾಪಾಡು, ಕಾಯು, ರಕ್ಷಿಸು: ರಾತ್ರಿ ಪ್ರಾರ್ಥನೆಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಮಲಗುವ ಮುಂಚೆ ಮನೆಯವರೆಲ್ಲ ಒಟ್ಟಿಗೆ ಹೇಳುವಂಥ ಒಂದು ಪುಟ್ಟ ಕ್ರೈಸ್ತ ಪ್ರಾರ್ಥನೆ ಬರೆಯುತ್ತಿದ್ದೇನೆ. ಕೇಳಿಕೊಳ್ಳುವುದು ಒಂದೇ ಮಾತು: ಈ ರಾತ್ರಿ ದೇವರು ನಮ್ಮನ್ನು ನೋಡಿಕೊಳ್ಳಲಿ. ಇದಕ್ಕೆ 'ರಕ್ಷಿಸು', 'ಕಾಪಾಡು', 'ಕಾಯು' ಮೂರೂ ಇವೆ. ನನ್ನ ಮನಸ್ಸು 'ಕಾಯು' ಕಡೆಗೇ ವಾಲಿದೆ. ಆದರೆ ಅದರ ರೂಪದ ಬಗ್ಗೆ ಅನುಮಾನ ಇದೆ, ಅದಕ್ಕೇ ಈ ಪತ್ರ.

'ರಕ್ಷಿಸು' ಬಿಟ್ಟದ್ದು ಯಾಕೆ ಅಂತ ಮೊದಲು ಹೇಳುತ್ತೇನೆ. ಸಾಮಾನ್ಯ ಕನ್ನಡದಲ್ಲಿ ರಕ್ಷಣೆ ಅಂದರೆ ಬೆಂಕಿ, ನೆರೆ, ಶತ್ರು ಇಂಥವುಗಳಿಂದ ಉಳಿಸುವುದು. ಕ್ರೈಸ್ತ ಸಭೆಯಲ್ಲಿ 'ಅವರು ರಕ್ಷಣೆ ಹೊಂದಿದರು' ಅಂದರೆ ಪಾಪದಿಂದ ಬಿಡುಗಡೆ ಪಡೆದರು ಅಂತ ಅರ್ಥ. 'ರಕ್ಷಕ' ಅಂದರೆ ಯೇಸು. 'ಈ ರಾತ್ರಿ ನಮ್ಮನ್ನು ರಕ್ಷಿಸು' ಅಂದರೆ ತಪ್ಪೇನೂ ಆಗುವುದಿಲ್ಲ. ಆದರೆ ಒಂದು ರಾತ್ರಿಯ ನಿದ್ದೆಗೆ ಅಷ್ಟು ದೊಡ್ಡ ಪದ ಜಾಸ್ತಿ ಆಯಿತು ಅನಿಸುತ್ತದೆ.

ಬೈಬಲಿನ ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ ಈ ಎರಡೂ ಅರ್ಥಕ್ಕೆ ಒಂದೇ ಕ್ರಿಯಾಪದ ಬರುತ್ತದೆ, 'ಸೋಜೊ'. ಪಾಪಗಳಿಂದ ಬಿಡಿಸುವುದಕ್ಕೂ (ಮತ್ತಾಯ 1:21) ಅದೇ, ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಶಿಷ್ಯರು ಕೂಗಿದ್ದೂ (8:25) ಅದೇ, ನೀರಿನಲ್ಲಿ ಮುಳುಗುತ್ತಾ ಪೇತ್ರ ಕೂಗಿದ್ದೂ (14:30) ಅದೇ. ಕನ್ನಡದಲ್ಲಿ ಮುಳುಗುವವನ ಬಾಯಿಗೆ ಬರುವುದು 'ಕಾಪಾಡು' ಅಲ್ವಾ? ಅಪಾಯ ಕಣ್ಣೆದುರಿಗೆ ಬಂದಾಗ ಅದಕ್ಕಿಂತ ಒಳ್ಳೆಯ ಪದ ಇಲ್ಲ. 'ಕಾಪು' ಮತ್ತು 'ಕಾಯು' ಒಂದೇ ಬೇರಿನಿಂದ ಬಂದವು, ಆದರೂ 'ಕಾಪಾಡು' ಎಂಬುದರಲ್ಲಿ ಕೂಗು ಕೇಳಿಸುತ್ತದೆ.

ಮಲಗುವ ಹೊತ್ತಿಗೆ ಕೂಗಬೇಕಾಗಿಲ್ಲ. ನಾವು ಮಲಗಿರುವಾಗ ಯಾರೋ ಒಬ್ಬರು ಎದ್ದಿರಬೇಕು, ಅಷ್ಟೇ. ಬೈಬಲಿನ 121ನೇ ಕೀರ್ತನೆ ಹೇಳುವುದು ಇದನ್ನೇ: ಕಾಯುವಾತನು ತೂಕಡಿಸುವುದಿಲ್ಲ, ನಿದ್ದೆ ಮಾಡುವುದಿಲ್ಲ. ಇರುವುದು ಎಂಟೇ ವಚನ. ಅಷ್ಟರಲ್ಲಿ ಮೂಲ ಹೀಬ್ರೂವಿನ 'ಶಾಮರ್' (ಕಾಯು) ಎಂಬ ಧಾತು 6 ಸಲ ಬರುತ್ತದೆ. ಏದೆನ್ ತೋಟವನ್ನು ಕಾಯಲು ದೇವರು ಮನುಷ್ಯನನ್ನು ಇಟ್ಟಾಗಲೂ (ಆದಿಕಾಂಡ 2:15) ಇದೇ ಧಾತು. 'ನಾನೇನು ನನ್ನ ತಮ್ಮನನ್ನು ಕಾಯುವವನೋ' ಎಂದು ಆದಾಮನ ಮಗ ಕಾಯಿನ ಕೇಳುವಾಗಲೂ (4:9) ಇದೇ. 130ನೇ ಕೀರ್ತನೆಯಲ್ಲಿ ಬೆಳಗಾಗುವುದನ್ನು ಕಾಯುವ ಕಾವಲುಗಾರರಿಗೂ ಇದೇ.

ನಮ್ಮ 'ಕಾಯು' ಇಷ್ಟೂ ಕಡೆ ಸಲೀಸಾಗಿ ನಿಲ್ಲುತ್ತದೆ. ತೋಟ ಕಾಯಬಹುದು, ಬಾಗಿಲು ಕಾಯಬಹುದು, ಬೆಳಗಾಗುವುದನ್ನು ಕಾಯಬಹುದು. ಯೇಸು ಹುಟ್ಟಿದ ರಾತ್ರಿ ಕುರುಬರು ಬಯಲಿನಲ್ಲಿ ಮಾಡುತ್ತಿದ್ದದ್ದೂ (ಲೂಕ 2:8) ಕುರಿ ಕಾಯುವ ಕೆಲಸವೇ. ನಿದ್ದೆಗೆಟ್ಟು ಪಕ್ಕದಲ್ಲೇ ಇರುವುದು ಈ ಪದದೊಳಗೇ ಇದೆ. 'ರಕ್ಷಿಸು' ಅಂದಾಗ ನನಗೆ ಅದು ಸಿಗುವುದಿಲ್ಲ.

ಇನ್ನೂ ಒಂದು ಕಾರಣ ಇದೆ. ನನಗೆ ಇದೇ ಮುಖ್ಯ. ಪ್ರಾರ್ಥನೆ ಮಾಡಿದವರಿಗೆ ಕಷ್ಟವೇ ಬರುವುದಿಲ್ಲ ಎಂದು ಬೈಬಲ್ ಎಲ್ಲೂ ಹೇಳುವುದಿಲ್ಲ. ದಾನಿಯೇಲನ ಗ್ರಂಥದ 3ನೇ ಅಧ್ಯಾಯದಲ್ಲಿ ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬ ಮೂವರು ರಾಜನಿಗೆ ಹೇಳಿದ್ದು ನೆನಪಿರಬಹುದು: ನಮ್ಮ ದೇವರು ಉರಿಯುವ ಕುಲುಮೆಯಿಂದ ನಮ್ಮನ್ನು ಬಿಡಿಸಬಲ್ಲನು, ಬಿಡಿಸದಿದ್ದರೂ ನಿನ್ನ ದೇವರುಗಳನ್ನು ಪೂಜಿಸುವುದಿಲ್ಲ. ಅವರನ್ನು ಬೆಂಕಿಗೆ ಹಾಕಿಯೇ ಹಾಕಿದರು. ಆ ಬೆಂಕಿಯಲ್ಲಿ ಅವರ ಜೊತೆ ನಾಲ್ಕನೆಯವನೊಬ್ಬ ಓಡಾಡುವುದು ರಾಜನಿಗೆ ಕಂಡಿತು. ಯೋಹಾನ 17:15ರಲ್ಲಿ ಯೇಸು ಕೂಡ ಶಿಷ್ಯರನ್ನು ಲೋಕದಿಂದ ತೆಗೆದುಬಿಡು ಎಂದು ಕೇಳುವುದಿಲ್ಲ, ಇಲ್ಲೇ ಇಟ್ಟು ಕೆಡುಕಿನಿಂದ ಕಾಯಬೇಕೆಂದು ಬೇಡುತ್ತಾನೆ. ಮಕ್ಕಳು ದಿನಾ ಹೇಳುವ ಮಾತಿನಲ್ಲಿ ಸುಳ್ಳು ಭರವಸೆ ಇರಬಾರದು. ಕಾಯಿಲೆ ಬಂದ ರಾತ್ರಿಯೂ 'ದೇವರು ಕಾಯುತ್ತಿದ್ದಾನೆ' ಎಂಬ ಮಾತು ನಿಜವಾಗಿಯೇ ಉಳಿಯುತ್ತದೆ.

ಈಗ ರೂಪದ ಪ್ರಶ್ನೆ. 'ದೇವರೇ, ನಮ್ಮನ್ನು ಕಾಯಿ' ಅಂತ ಬರೆದರೆ ಮಕ್ಕಳಿಗೆ ಮರದ ಕಾಯಿ ನೆನಪಾಗುತ್ತದೆ. 'ಕಾಯು' ಅಂತ ನಿಲ್ಲಿಸಿದರೆ ನಿಘಂಟಿನ ಪದದಂತೆ ಕೇಳಿಸುತ್ತದೆ. 'ಕಾಯೋ' ಹಾಡಿಗೆ ಚೆಂದ, ಗದ್ಯದಲ್ಲಿ ಹೊಂದುತ್ತದೆಯೇ? 'ಕಾಯುತ್ತಿರು' ಅಂತಲೂ ಬರೆದು ನೋಡಿದೆ. ಅರ್ಥ ಸರಿಯಾಗಿದೆ, ಆದರೆ ಬೇಡಿಕೆಯ ಸ್ವರ ಕಡಿಮೆಯಾಯಿತು.

ಬೆಳಗಿನ ಪ್ರಾರ್ಥನೆಯಲ್ಲಿ ಭೂತಕಾಲದ ರೂಪವೂ ಬೇಕಾಗುತ್ತದೆ. 'ರಾತ್ರಿಯೆಲ್ಲ ನಮ್ಮನ್ನು ಕಾದೆ' ಅನ್ನಬೇಕೋ, 'ಕಾಯ್ದೆ' ಅನ್ನಬೇಕೋ? 'ನಮಗಾಗಿ ಕಾದೆ' ಅಂದರೆ ದಾರಿ ನೋಡಿದ ಅರ್ಥ, 'ನಮ್ಮನ್ನು ಕಾದೆ' ಅಂದರೆ ಕಾವಲಿನ ಅರ್ಥ, ಇಷ್ಟು ನನಗೆ ಗೊತ್ತು. ಆದರೆ ಕಾದಾಟದ 'ಕಾದು' ಬೇರೆ ಅಡ್ಡ ಬರುತ್ತದೆ. 'ಕಾಯ್ದೆ' ಅಂದರೆ ಕಾನೂನು ನೆನಪಾಗುತ್ತದೆ. ನಿಮ್ಮ ಮನೆಮಾತಿನಲ್ಲಿ ಇದನ್ನು ಹೇಗೆ ಹೇಳುತ್ತೀರಿ? ಪ್ರಾರ್ಥನೆಯಲ್ಲಿ ಬಳಸಿ ರೂಢಿ ಇರುವವರು ದಯವಿಟ್ಟು ಪೂರ್ತಿ ವಾಕ್ಯವನ್ನೇ ಬರೆದು ತಿಳಿಸಿ.