ಪ್ರಶ್ನೋತ್ತರ: 571401 ಯಾವ ಬಗೆಯ ಸಂಖ್ಯೆ?

ಪ್ರಶ್ನೆ (ಮಂಡ್ಯದ ಒಬ್ಬ ತಾಯಿ): ಹತ್ತನೇ ತರಗತಿಯಲ್ಲಿರುವ ನನ್ನ ಮಗಳು ನಮ್ಮ ಊರಿನ ಪಿನ್‌ಕೋಡ್ ಆದ 571401 ಅನ್ನು ಅಪವರ್ತಿಸಲು ಹೊರಟು, ಮೂರರಿಂದ ಮೂರು ಸಲ ಭಾಗಿಸಿ 21163ರಲ್ಲಿ ನಿಂತಿದ್ದಾಳೆ. ಅದು ಇನ್ನೂ ಒಡೆಯುತ್ತದೆಯೇ? ಒಡೆಯುವುದಿಲ್ಲವೆಂದಾದರೆ ಅದನ್ನು ಖಚಿತವಾಗಿ ಹೇಳುವುದು ಹೇಗೆ?

ಉತ್ತರ (ಮೈಸೂರಿನ ನಿವೃತ್ತ ಗಣಿತ ಪ್ರಾಧ್ಯಾಪಕರು): ಆಕೆ ಸರಿಯಾದ ಜಾಗದಲ್ಲೇ ನಿಂತಿದ್ದಾಳೆ, 21163 ಅವಿಭಾಜ್ಯ ಸಂಖ್ಯೆ. ಒಂದು ಸಂಖ್ಯೆ ಒಡೆಯುವುದೇ ಆದರೆ ಅದರ ಒಂದು ಅವಿಭಾಜ್ಯ ಅಪವರ್ತನವಾದರೂ ವರ್ಗಮೂಲದೊಳಗೇ ಸಿಗಬೇಕು. 145ರ ವರ್ಗ 21025, 146ರ ವರ್ಗ 21316. ಆದ್ದರಿಂದ 139ರವರೆಗಿನ 34 ಅವಿಭಾಜ್ಯ ಸಂಖ್ಯೆಗಳನ್ನು ಪರೀಕ್ಷಿಸಿದರೆ ಸಾಕು. ಎಲ್ಲವನ್ನೂ ಉದ್ದಕ್ಕೆ ಭಾಗಿಸಬೇಕಾಗಿಯೂ ಇಲ್ಲ, ನೆರೆಯ ಸಂಖ್ಯೆಗಳನ್ನು ನೋಡುವ ಅಭ್ಯಾಸ ಇಲ್ಲಿ ಬಹಳ ನೆರವಾಗುತ್ತದೆ. 21164 ಎಂದರೆ 4 × 11 × 13 × 37. ಪಕ್ಕಪಕ್ಕದ ಎರಡು ಸಂಖ್ಯೆಗಳಿಗೆ 1ರ ಹೊರತು ಸಾಮಾನ್ಯ ಅಪವರ್ತನವಿರುವುದಿಲ್ಲವಾದ್ದರಿಂದ 11, 13, 37 ಮೂರನ್ನೂ ಒಂದೇ ಏಟಿಗೆ ಕೈಬಿಡಬಹುದು. 21161 ಎಂಬುದು 7 × 3023, ಹಾಗಾಗಿ ಏಳಕ್ಕೆ 2 ಶೇಷ. 21160 ಎಂಬುದು 23 × 23 × 40, ಹಾಗಾಗಿ 23ಕ್ಕೆ 3 ಶೇಷ. ಉಳಿದವನ್ನು ತಾಳ್ಮೆಯಿಂದ ಭಾಗಿಸಿದರೆ ಯಾವುದಕ್ಕೂ ಶೇಷ ಸೊನ್ನೆಯಾಗುವುದಿಲ್ಲ. ಕೊನೆಯ 139ಕ್ಕೆ 35 ಉಳಿಯುತ್ತದೆ.

ಹೀಗೆ 571401 = 27 × 21163 ಎಂಬುದು ಖಚಿತವಾದ ಮೇಲೆ ಉಳಿದ ಗುಣಗಳೆಲ್ಲ ಇದರಿಂದಲೇ ಹೊರಡುತ್ತವೆ. ಇದು ಸಂಯುಕ್ತ ಸಂಖ್ಯೆ. ಇದರ ಭಾಜಕಗಳು 1, 3, 9, 27, 21163, 63489, 190467, 571401 ಎಂಬ ಎಂಟು ಮಾತ್ರ. ಕೊನೆಯದನ್ನು ಬಿಟ್ಟು ಕೂಡಿದರೆ 275159 ಬರುತ್ತದೆ. ಅದು ಮೂಲ ಸಂಖ್ಯೆಯ ಅರ್ಧವನ್ನೂ ಮುಟ್ಟದಿರುವುದರಿಂದ ಇದು ನ್ಯೂನ ಸಂಖ್ಯೆ. 1 + 2 + 3 = 6 ಎಂಬಂತೆ ಮೊತ್ತ ಸರಿಸಮನಾಗಿದ್ದರೆ ಪರಿಪೂರ್ಣ ಸಂಖ್ಯೆ ಎನ್ನುತ್ತಿದ್ದೆವು.

ಮರುಪ್ರಶ್ನೆ: ಇದು ಹರ್ಷದ್ ಸಂಖ್ಯೆಯೇ ಎಂದು ಮಗಳು ಕೇಳುತ್ತಿದ್ದಾಳೆ. ನಾಲ್ಕರಿಂದ ಭಾಗಿಸಿದರೆ 1 ಉಳಿಯುವುದರಿಂದ ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬರುತ್ತದೆಂದೂ ಅವಳ ವಾದ.

ಉತ್ತರ: ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ಹರ್ಷದ್ ಎಂಬ ಹೆಸರಿಟ್ಟವರು ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್. ಇಲ್ಲಿ ಅಂಕಿಗಳ ಮೊತ್ತ 18. ಬೆಸ ಸಂಖ್ಯೆಯೊಂದು 18ರಿಂದ ಭಾಗವಾಗಲಾರದು, ಆದ್ದರಿಂದ ಇದು ಹರ್ಷದ್ ಅಲ್ಲ. ಆದರೆ ಇದು ನಾವು ಹತ್ತರ ಆಧಾರದಲ್ಲಿ ಬರೆಯುವುದರಿಂದ ಬಂದ ಗುಣವೆಂಬುದನ್ನು ಆಕೆ ಗಮನಿಸಬೇಕು. ಮೂರರ ಆಧಾರದಲ್ಲಿ ಬರೆದರೆ ಅಂಕಿಗಳೇ ಬೇರೆಯಾಗಿ ಕೊನೆಯಲ್ಲಿ ಮೂರು ಸೊನ್ನೆಗಳು ಬರುತ್ತವೆ, ಭಾಜಕಗಳು ಮಾತ್ರ ಅದೇ ಎಂಟು.

ವರ್ಗಗಳ ಪ್ರಶ್ನೆ ನಿಜಕ್ಕೂ ಚೆನ್ನಾಗಿದೆ. ಆಕೆ ಹೇಳುವ ನಿಯಮ ಅವಿಭಾಜ್ಯ ಸಂಖ್ಯೆಗಳಿಗೆ ಸಲ್ಲುತ್ತದೆ. ಸಂಯುಕ್ತ ಸಂಖ್ಯೆಯಲ್ಲಾದರೆ, ನಾಲ್ಕರಿಂದ ಭಾಗಿಸಿದಾಗ 3 ಉಳಿಸುವ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ ಸಮಸಂಖ್ಯೆಯಷ್ಟು ಸಲ ಬರಬೇಕು. ಇಲ್ಲಿ 3 ಮೂರು ಸಲ, 21163 ಒಂದು ಸಲ ಬಂದಿದ್ದು ಎರಡೂ ಆ ಬಗೆಯವೇ ಆದ್ದರಿಂದ ಹಾಗೆ ಬರೆಯಲು ಸಾಧ್ಯವಿಲ್ಲ. ಇದನ್ನೇ ಚಿಕ್ಕದಾಗಿ 21ರಲ್ಲಿ, ಅಂದರೆ 3 × 7ರಲ್ಲಿ, ಕಾಗದದ ಮೇಲೆ ಮಾಡಿ ನೋಡಲಿ: ನಾಲ್ಕರಿಂದ ಭಾಗಿಸಿದರೆ ಅಲ್ಲಿಯೂ 1 ಉಳಿಯುತ್ತದೆ, ಆದರೆ 1, 4, 9, 16 ಅನ್ನು ಒಂದೊಂದಾಗಿ ಕಳೆದಾಗ ಸಿಗುವ 20, 17, 12, 5ರಲ್ಲಿ ಒಂದೂ ವರ್ಗವಲ್ಲ.